ನಿಮಿಷಕ್ಕೆ ಹದಿನೆಂಟು ಉಸಿರು

ಪುಷ್ಯ ಮಳೆಯ ಮೂರನೆಯ ದಿನ, ಮಂಗಳವಾರ, ಬೆಳಗಿನ ಹಾಲು ಹಿಂಡಿ ಮುಗಿದ ಹೊತ್ತು. ಹದಿಮೂರು ಎಮ್ಮೆಗಳನ್ನು ಹೊಡೆದುಕೊಂಡು ನಾನು ಹಳ್ಳ ದಾಟಿದ್ದೆ. ಹಿಂದೆ ದೊಡ್ಡಿಯಲ್ಲಿ ನನ್ನ ತಮ್ಮನ ಮಗ ಬಾಳೇಶ ಕ್ಯಾನುಗಳಿಗೆ ಹಾಲು ಸುರಿಯುತ್ತಿದ್ದ. ಕಣಕುಂಬಿಯಿಂದ ಏಳೂವರೆಗೆ ಬರುವ ಬಸ್ಸಿಗೆ ಕ್ಯಾನು ಏರಿಸಬೇಕು, ಅದು ಖಾನಾಪುರ ದಾಟಿ ಬೆಳಗಾವಿ ಸೇರಬೇಕು. ನಲವತ್ತು ವರ್ಷ ಆ ಕೆಲಸ ನಾನು ಮಾಡಿದ್ದೆ. ನಾಲ್ಕು ವರ್ಷದಿಂದ ಅವನು ಮಾಡುತ್ತಿದ್ದ.

ಎಮ್ಮೆಗಳು ಒಮ್ಮೆಲೇ ನಿಂತವು. ಹದಿಮೂರೂ ಕಿವಿ ಹಿಂದಕ್ಕೆ ಮಾಡಿ ನಿಂತವು. ಆಮೇಲೆ ಸದ್ದು ಬಂತು. ಗುಡುಗಿನ ಸದ್ದಲ್ಲ, ಲಾರಿಗಟ್ಟಲೆ ಜಲ್ಲಿಯನ್ನು ಯಾರೋ ನಿಧಾನವಾಗಿ ಸುರಿದ ಹಾಗೆ. ತಿರುಗಿ ನೋಡಿದರೆ ದೊಡ್ಡಿಯ ಹಿಂದಿನ ಗುಡ್ಡ ಕೆಂಪಗೆ ಬಿರಿದಿತ್ತು. ಅದರ ಕೆಳಗೆ ದೊಡ್ಡಿ ಇರಲಿಲ್ಲ.

ಉದ್ದನೆಯ ದೊಡ್ಡಿ ಅದು. ರಸ್ತೆ ಕಡೆಯ ತುದಿಗೆ ತಗಡು ಹೊದಿಸಿದ್ದೆವು, ಅಲ್ಲಿ ಹಾಲಿನ ಕ್ಯಾನು, ಒಲೆ, ಬಾಳೇಶನ ಹಾಸಿಗೆ. ಗುಡ್ಡದ ಕಡೆಯ ತುದಿಗೆ ಹುಲ್ಲಿನ ಮಾಡು, ಅಲ್ಲಿ ಎಮ್ಮೆ ಕಟ್ಟುತ್ತಿದ್ದೆವು. ಮಣ್ಣಿನ ಮೇಲೆ ನಿಂತು ನಾನು ಎಷ್ಟು ಕೂಗಿದೆನೋ. ನನ್ನ ದನಿ ನನಗೇ ತಿರುಗಿ ಬರುತ್ತಿತ್ತು.

ಬಾಳೇಶನ ಹೆಂಡತಿ ಮಾಯಾ ಊರಿನಿಂದ ಬರಿಗಾಲಲ್ಲಿ ಓಡಿ ಬಂದಳು. ಅವಳ ತವರು ಬೆಳಗಾವಿಯ ಟಿಳಕವಾಡಿ. ಅವಳ ತಂದೆ ನಮ್ಮ ಹಾಲು ಕೊಂಡು ಕುಂದಾ ಮಾಡುತ್ತಿದ್ದವರು, ಆ ಹಾಲಿನ ನೆಂಟಸ್ತಿಕೆಯಿಂದಲೇ ಅವಳು ನಮ್ಮ ಮನೆಗೆ ಬಂದಿದ್ದಳು. ಅವಳು ಅಳಲಿಲ್ಲ. ಮೊಣಕೈ ತನಕ ಮಣ್ಣಿಗೆ ಕೈ ಹಾಕಿ ಬಗೆಯತೊಡಗಿದಳು. ಬಗೆದಷ್ಟೂ ಮೇಲಿನಿಂದ ಕೆಸರು ಜಾರಿ ಬಂದು ತುಂಬಿಕೊಳ್ಳುತ್ತಿತ್ತು.

ಹನ್ನೊಂದಕ್ಕೆ ಬೆಳಗಾವಿಯಿಂದ ರಕ್ಷಣಾ ದಳದವರು ಬಂದರು. ಅವರ ಮುಂದಾಳು ಅನುರಾಧಾ ಎಂಬ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಅವಳ ಕೈಯಲ್ಲಿ ಪ್ರಯಾಣದ ಪೆಟ್ಟಿಗೆಯಷ್ಟು ದೊಡ್ಡ ಹಳದಿ ಡಬ್ಬಿಯಿತ್ತು. ಅದನ್ನು ಮಣ್ಣಿನ ಮೇಲಿಟ್ಟರೆ ಕೆಳಗೆ ಯಾರಾದರೂ ಉಸಿರಾಡುತ್ತಿದ್ದರೆ ತೋರಿಸುತ್ತದೆ ಎಂದಳು. ರೇಡಾರ್ ಅಂತ ಅದರ ಹೆಸರು. ವಿಮಾನ ಹುಡುಕುವ ರೇಡಾರ್ ನಾನು ಕೇಳಿದ್ದೆ, ಉಸಿರು ಹುಡುಕುವುದನ್ನು ಕೇಳಿರಲಿಲ್ಲ.

ಡಬ್ಬಿ ಇಟ್ಟ ಕೂಡಲೇ ಅವಳ ಕೈಯಲ್ಲಿದ್ದ ಪರದೆಯ ಮೇಲೆ ಐದಾರು ಕಡೆ ಹಸಿರು ಗೆರೆ ಕುಣಿದವು. ಜನ ಹೋ ಎಂದರು. ಅವಳು ತಲೆ ಅಲ್ಲಾಡಿಸಿದಳು.

"ಇವು ನಿಮ್ಮವ. ಬಾಜೂಕ ನಿಂತವರ ಉಸಿರೂ ಇದಕ್ಕ ಬರ್ತೈತಿ. ಎಲ್ಲಾರೂ ರಸ್ತಾದ ಆಚಿ ಹೋಗ್ರಿ."

"ನಾವು ಉಸಿರು ಹಿಡದ ನಿಂದರ್ತೀವಿ ತಗೋರಿ ಮೇಡಂ, ನಮ್ಮ ಮನ್ಯಾಗ ಅದ ರೂಢಿ ಐತಿ ನನಗ," ಎಂದ ರಾಯಪ್ಪ. ಖಾನಾಪುರದಿಂದ ಜೆಸಿಬಿ ತಂದವನು ಅವನೇ. ಯಾರೂ ನಗಲಿಲ್ಲ. ಎಲ್ಲರಿಗಿಂತ ಮೊದಲು ಅವನೇ ಆಚೆ ಹೋದ.

ಜನ ಹೋದ ಮೇಲೂ ಒಂದು ಗೆರೆ ಉಳಿಯಿತು. ಅದು ಮಣ್ಣಿನೊಳಗೆ ಹರಿಯುವ ನೀರು ಎಂದಳು. ಇನ್ನೊಂದು ಕಡೆ ಬಿದಿರಿನ ಮೆಳೆ ಗಾಳಿಗೆ ತೂಗಿ ಅದರ ಬೇರು ಅಲುಗುತ್ತಿತ್ತು, ಅದನ್ನೂ ರೇಡಾರ್ ಉಸಿರೆಂದೇ ತೋರಿಸಿತು. ಬಿದಿರು ಕಡಿಸಿದಳು. ಹೀಗೆ ಒಂದೊಂದೇ ಸುಳ್ಳು ಗೆರೆಯನ್ನು ಅಳಿಸುತ್ತಾ ಅವಳು ಮೊಣಕಾಲ ಮೇಲೆ ಹುಲ್ಲಿನ ಮಾಡಿನ ಕಡೆ ಹೋದಳು. ಅಲ್ಲಿ ಕೈ ಎತ್ತಿದಳು.

ಮೂರು ಮೀಟರ್ ಆಳ. ಒಂದೇ ಗೆರೆ, ಒಂದೇ ಸಮ ಏರುತ್ತ ಇಳಿಯುತ್ತ ಇತ್ತು. ಗಡಿಯಾರ ಹಿಡಿದು ಎಣಿಸಿದಳು.

"ನಿಮಿಷಕ್ಕ ಹದಿನೆಂಟು. ಮನುಷ್ಯಾಂದು ಹಿಂಗ ಇರ್ತೈತಿ." ಆಮೇಲೆ ನನ್ನ ಕಡೆ ತಿರುಗಿದಳು. "ಅಜ್ಜಾರ, ಒಳಗ ದನಾಕರಾ ಏನರ ಅದಾವೇನ್ರಿ? ನಾಯಿ ಇದ್ರೂ ಹೇಳ್ರಿ. ಇದಕ್ಕ ಉಸಿರು ಅಷ್ಟ ತಿಳೀತೈತಿ, ಯಾರದು ಅನ್ನೂದು ತಿಳಿಯಂಗಿಲ್ಲ."

"ಇಲ್ರಿ ಬಾಯಾರ," ಎಂದೆ. "ಹದಿಮೂರೂ ಹೊರಗ ಅದಾವ."

ಹದಿನಾಲ್ಕನೆಯದು ಒಳಗಿತ್ತು.

ಇದನ್ನು ನಾನು ಬಿಡಿಸಿ ಹೇಳಬೇಕು. ನಮ್ಮದು ಎಮ್ಮೆ ಕಾಯುವ ಮನೆತನ. ದಿನ ತುಂಬಿದ ಎಮ್ಮೆಯನ್ನು ಕತ್ತಲಾದ ಮೇಲೆ ಬೇರೆ ಕಡೆ ಒಯ್ದು ಕಟ್ಟುತ್ತೇವೆ. ಎಲ್ಲಿ ಕಟ್ಟಿದ್ದೇವೆಂದು ಯಾರಿಗೂ ಹೇಳುವುದಿಲ್ಲ, ಮನೆಯ ಹೆಣ್ಣುಮಕ್ಕಳಿಗೂ. ಅವರೂ ಕೇಳುವುದಿಲ್ಲ. ಅದು ಈದು ಐದನೆಯ ದಿನ ಗಿಣ್ಣ ಕಾಸಿ ದೇವರ ಮುಂದಿಟ್ಟ ಮೇಲೆಯೇ ಆ ಎಮ್ಮೆ ಎಣಿಕೆಗೆ ಬರುತ್ತದೆ. ಅಲ್ಲಿಯ ತನಕ ಯಾರು ಎಷ್ಟು ಎಮ್ಮೆ ಎಂದು ಕೇಳಿದರೂ ಅದನ್ನು ಬಿಟ್ಟೇ ಹೇಳುತ್ತೇವೆ. ಕಣ್ಣು ಬೀಳಬಾರದಲ್ಲ. ನನ್ನ ಅಪ್ಪ ಹಾಗೆ ಹೇಳಿದ, ನಾನು ಅರವತ್ತು ವರ್ಷ ಹಾಗೆ ಹೇಳಿದ್ದೇನೆ. ಹೋದ ಸಲ ಊರೊಳಗೆ ಪಕ್ಕದ ಮನೆಯ ಅಕ್ಕವ್ವನ ಹಿತ್ತಲಲ್ಲಿ ಕಟ್ಟಿದ್ದೆ. ಈ ಸಲವೂ ಅಲ್ಲೇ ಎಂದು ಮಾಯಾ ತಿಳಿದಿದ್ದಳು. ಮಳೆ ಬಿಡದ್ದರಿಂದ ಸೋಮವಾರ ಕತ್ತಲಾದ ಮೇಲೆ ಅದನ್ನು ದೊಡ್ಡಿಯ ಹುಲ್ಲಿನ ಮಾಡಿನ ಮೂಲೆಗೆ ಕಟ್ಟಿದ್ದು ನನಗೆ ಗೊತ್ತಿತ್ತು, ಬಾಳೇಶನಿಗೆ ಗೊತ್ತಿತ್ತು.

ಅನುರಾಧಾ ಕೇಳಿದಾಗ ನಾನು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಬಾಯಿ ತಾನೇ ಹೇಳಿತು.

ಜೆಸಿಬಿ ಹತ್ತಿರ ತಂದರೆ ಗುಡ್ಡ ಮತ್ತೆ ಜರಿಯುತ್ತದೆ ಎಂದು ಮೇಲಿನ ಪದರ ಮಾತ್ರ ಅದರಿಂದ ತೆಗೆಸಿದರು. ಆಮೇಲೆ ಸಲಿಕೆ, ಬುಟ್ಟಿ. ಇಪ್ಪತ್ತು ಜನ ಸಾಲಾಗಿ ನಿಂತು ಬುಟ್ಟಿ ಸಾಗಿಸಿದರು. ಅನುರಾಧಾ ಪರದೆಯನ್ನು ಮಾಯಾಳ ಮುಂದೆ ಹಿಡಿದಳು. ಮಾಯಾ ಆ ಗೆರೆಯ ಮೇಲೆ ಬೆರಳಿಟ್ಟಳು.

"ಉಸಿರಾಡಾಕತ್ತಾರ, ಮಾವಾರ. ನೋಡ್ರಿಲ್ಲೆ. ಉಸಿರಾಡಾಕತ್ತಾರ."

ನಾನು ನೋಡಿದೆ. ನಾನೂ ಬೆರಳ ಗೆಣ್ಣಿನ ಮೇಲೆ ಎಣಿಸಿದೆ. ಮಲಗಿದ ಎಮ್ಮೆಯ ಪಕ್ಕೆಗೆ ಬೆನ್ನು ಕೊಟ್ಟು ಎಷ್ಟು ಮಳೆಗಾಲ ಕಳೆದವನು ನಾನು. ಅದರ ಉಸಿರೂ ಹದಿನೆಂಟರ ಆಸುಪಾಸೇ. ಆಗ ತಿಳಿಯಿತು ನನಗೆ. ಮಂಗಳವಾರ ಮಧ್ಯಾಹ್ನ, ಎರಡು ಗಂಟೆಯೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ನನ್ನನ್ನು ಸುಮ್ಮನಿರಿಸಿದ್ದು ರೂಢಿಯಲ್ಲ. ಆ ಗೆರೆ ಬಾಳೇಶನದೇ ಆಗಲಿ ಎಂದು ನಾನು ಬೇಡುತ್ತಿದ್ದೆ. ಅವನು ಎಮ್ಮೆಗೆ ಹುಲ್ಲು ಹಾಕಲು ಆ ಕಡೆ ಹೋಗಿರಬಹುದು, ಎಮ್ಮೆ ಸತ್ತು ಅವನು ಉಳಿದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಎಮ್ಮೆ ಎಂದರೆ ಪರದೆಯ ಮೇಲಿನ ಬೆರಳನ್ನು ಮಾಯಾ ಎಲ್ಲಿಡಬೇಕು? ಒಂದೇ ಸಲ ಹೋಗಿ ಅನುರಾಧಾಳಿಗೆ ಹೇಳಿದೆ, ಅದೂ ಅರೆಬರೆ.

"ಬಾಯಾರ, ಆ ತಗಡಿನ ಕಡೆ ಅಗದ್ರ ಹೆಂಗ? ಹುಡುಗ ಹಾಲು ಸುರೀತಿದ್ದದ್ದು ಅಲ್ಲಿ."

ಅವಳು ಡಬ್ಬಿಯನ್ನು ತಗಡಿನ ಕಡೆ ಒಯ್ದು ಇಟ್ಟಳು. ಪರದೆ ಖಾಲಿ ಇತ್ತು.

"ತಗಡು ಬಂತಂದ್ರ ಇದರ ತರಂಗ ಕೆಳಗ ಇಳಿಯಂಗಿಲ್ಲ ಅಜ್ಜಾರ, ಬಡದು ಹೊಳ್ಳಿ ಬರ್ತಾವ. ಇಲ್ಲೆ ಏನೂ ಇಲ್ಲ ಅಂತ ತೋರಸ್ತೈತಿ. ಹಂಗಂದ್ರ ಯಾರೂ ಇಲ್ಲ ಅಂತ ಅಲ್ಲ."

"ಮತ್ತ?"

"ಇರೂದು ಇಪ್ಪತ್ತು ಮಂದಿ. ಉಸಿರು ಕಾಣೂ ಕಡೆ ಮೊದಲ ಹೋಗಬೇಕ್ರಿ. ಅಲ್ಲಿ ಒಂದು ಜೀವ ಐತಿ. ನೀವ ಹೇಳ್ರಿ, ಅದನ್ನ ಬಿಟ್ಟು ಬರಲೇನು?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. "ಬ್ಯಾಡ್ರಿ," ಎಂದೆ. ಅಷ್ಟೇ.

ಕತ್ತಲಾದ ಮೇಲೆ ಮಳೆ ಜೋರಾಗಿ, ಅಗೆದದ್ದರಲ್ಲಿ ಅರ್ಧ ಮತ್ತೆ ಮುಚ್ಚಿಹೋಯಿತು. ಬುಧವಾರ ಬೆಳಕು ಹರಿದಾಗ ಮತ್ತೆ ಮೊದಲಿನಿಂದ. ಹತ್ತು ಗಂಟೆಯ ಹೊತ್ತಿಗೆ ಅನುರಾಧಾ ಮತ್ತೊಮ್ಮೆ ಡಬ್ಬಿ ಇಟ್ಟಳು, ಹುಬ್ಬು ಗಂಟಿಕ್ಕಿದಳು, ತೆಗೆದು ಇನ್ನೊಂದು ಮಗ್ಗುಲಿಗೆ ಇಟ್ಟಳು.

"ಇಬ್ರು ಅದಾರ," ಎಂದಳು.

ಮೊದಲಿನ ಗೆರೆಯ ಪಕ್ಕ ಇನ್ನೊಂದು ಗೆರೆ ಮೂಡಿತ್ತು. ಸಣ್ಣದು, ಬಹಳ ಅವಸರದ್ದು. ಡಬ್ಬಿಯ ದೋಷವೇನೋ ಎಂದು ಅವಳು ಎರಡು ಸಲ ಬಂದ್ ಮಾಡಿ ಚಾಲು ಮಾಡಿದಳು. ಎರಡೂ ಗೆರೆ ಹಾಗೇ ಇದ್ದವು.

ಸುದ್ದಿ ರಸ್ತೆಯ ಆಚೆಗೆ ಮುಟ್ಟಲು ಎಷ್ಟು ಹೊತ್ತು ಬೇಕು?

"ಹೊತ್ತು ಹೊಂಡೂಕ ಮೊದಲ ದೊಡ್ಡ್ಯಾಗ ಜೋಡಿ ಯಾರಿದ್ರಪಾ?" ಎಂದಿತು ಒಂದು ದನಿ.

"ಹಾಲು ಹಿಂಡಾಕ ಒಬ್ಬನ ಕೈ ಸಾಲಲಿಲ್ಲ ಕಾಣಸ್ತೈತಿ," ಎಂದಿತು ಇನ್ನೊಂದು. ಕೊಡೆಗಳ ಕೆಳಗೆ ಯಾರೋ ಮೂಗಿನಲ್ಲಿ ನಕ್ಕರು.

"ಬಾಯಿ ಮುಚ್ಚರ್ಯೋ, ಇಲ್ಲಂದ್ರ ಇದ ಬಕೆಟ್ಟಿನ್ಯಾಗ ಮಣ್ಣು ತುಂಬಿ ಮುಚ್ಚತೀನಿ," ಎಂದು ರಾಯಪ್ಪ ಒದರಿದ.

ಮಾಯಾ ಕೇಳಿಸಿಕೊಂಡಿದ್ದಳು. ಒಂದು ದಿನ ಒಂದು ರಾತ್ರಿ ಅಳದವಳು ಪರದೆಯಿಂದ ಬೆರಳು ತೆಗೆದಳು. ಕೆಸರಿನ ಕೈಯನ್ನು ಸೀರೆಗೆ ಒರೆಸಿಕೊಂಡು ಆ ಜನರ ಕಡೆಗೆ ಮುಖ ಮಾಡಿ ನೆಟ್ಟಗೆ ನಿಂತಳು. ಅದನ್ನು ನನಗೆ ನೋಡಲಾಗಲಿಲ್ಲ.

"ಅದು ಎಮ್ಮಿ," ಎಂದೆ.

ಅನುರಾಧಾ ತಿರುಗಿದಳು.

"ಅದು ನಮ್ಮ ಎಮ್ಮಿ, ಬಾಯಾರ. ಮೂಲ್ಯಾಗ ಕಟ್ಟಿದ್ವಿ. ದಿನಾ ತುಂಬಿತ್ತು. ಈದೈತಿ ಈಗ. ಸಣ್ಣದು ಕರ."

ಅವಳು ನಾಲ್ಕು ಜನರನ್ನು ಅಲ್ಲೇ ಬಿಟ್ಟು ಉಳಿದವರನ್ನು ತಗಡಿನ ಕಡೆ ಓಡಿಸಿದಳು. ತಾನೂ ಸಲಿಕೆ ಹಿಡಿದಳು. ರಾಯಪ್ಪ ಯಾರನ್ನೂ ಕೇಳದೆ ಜೆಸಿಬಿಯನ್ನು ಗುಡ್ಡದ ಬಾಯಿಗೇ ತಂದು ನಿಲ್ಲಿಸಿದ. ನಾನು ಉಗುರಿನಿಂದ ಕೆರೆದೆ. ಆ ಆರು ತಾಸಿನಲ್ಲಿ ಎಷ್ಟು ದೇವರನ್ನು ಕರೆದೆನೆಂದು ಹೇಳಲಾರೆ. ಒಬ್ಬರ ಹೆಸರೂ ಪೂರ್ತಿಯಾಗಿ ಬಾಯಿಗೆ ಬರಲಿಲ್ಲ.

ನಾಲ್ಕು ಗಂಟೆಗೆ ತಗಡು ಸಿಕ್ಕಿತು. ಮೂರು ತಗಡು ಒಂದರ ಮೇಲೊಂದು ಬಾಗಿ ಗೂಡಿನಂತೆ ನಿಂತಿದ್ದವು. ಅದರೊಳಗೆ ಬಾಳೇಶ ಕ್ಯಾನಿಗೆ ಒರಗಿ ಕುಳಿತಿದ್ದ. ಕಾಲು ಮಾತ್ರ ಮಣ್ಣಿನಲ್ಲಿ ಸಿಕ್ಕಿತ್ತು, ಮುಖಕ್ಕೆ ಕೆಸರು ಮುಟ್ಟಿರಲಿಲ್ಲ. ಕ್ಯಾನಿನ ಮುಚ್ಚಳ ತೆರೆದಿತ್ತು. ಹಾಲು ಅರ್ಧಕ್ಕೆ ಇಳಿದಿತ್ತು. ಕೈ ಹಿಡಿದು ನೋಡಿದೆ, ತಣ್ಣಗಿತ್ತು, ಆದರೆ ಇನ್ನೂ ಪೂರ್ತಿ ಸೆಟೆದಿರಲಿಲ್ಲ.

ಖಾನಾಪುರದ ದವಾಖಾನೆಯಲ್ಲಿ ಡಾಕ್ಟರು ಅನುರಾಧಾಳನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದರು. ನನ್ನ ಕಿವಿ ಇನ್ನೂ ಚುರುಕಾಗಿವೆ. "ಇವತ್ತು ಮುಂಜಾನಿ ತನಕ ಜೀವ ಇದ್ದಿರಬೇಕು" ಎಂದರು. ಮಾಯಾ ಆಗ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು.

ಎಮ್ಮೆ ಮತ್ತು ಕರುವನ್ನು ಗುರುವಾರ ಹೊರಗೆ ತೆಗೆದರು. ಎರಡೂ ಬದುಕಿದವು. ಐದನೆಯ ದಿನ ಗಿಣ್ಣ ಕಾಸಲಿಲ್ಲ. ಕರುವೇ ಕುಡಿಯಿತು.

ಆಮೇಲೆ ಎರಡು ವಾರಕ್ಕೆ ಕಾಗದಪತ್ರದ ಸಲುವಾಗಿ ಬೆಳಗಾವಿಯ ಕಚೇರಿಗೆ ಬರಹೇಳಿದರು. ನಾನೂ ಮಾಯಾನೂ ಮೊದಲ ಬಸ್ಸಿಗೆ ಹೋದೆವು. ಕ್ಯಾಂಪ್ ಬಡಾವಣೆಯಲ್ಲಿ ಇಳಿದು ನಡೆಯುವಾಗ ನಮ್ಮ ಹಾಲು ಕೊಳ್ಳುವ ಹೋಟೆಲಿನವರು ಬಾಗಿಲಿಗೆ ಬಂದು ಕೈಮುಗಿದರು.

ಅನುರಾಧಾ ತಾನು ಬರೆದದ್ದನ್ನು ಓದಿ ಹೇಳಿದಳು. ರೇಡಾರ್ ತಪ್ಪು ಸೂಚನೆ ಕೊಟ್ಟದ್ದರಿಂದ ಹುಡುಕಾಟ ಬೇರೆ ಕಡೆ ನಡೆಯಿತು ಎಂದಿತ್ತು. ನಾನು ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವನು, ಹೆಸರು ಬರೆಯಲು ಬರುತ್ತದೆ. ಪೆನ್ನು ಹಿಡಿದೆ, ಬರೆಯಲಾಗಲಿಲ್ಲ.

"ಬಾಯಾರ, ಡಬ್ಬೀದು ತಪ್ಪಿಲ್ಲ. ಒಳಗ ದನ ಅದಾವೇನು ಅಂತ ನೀವು ಕೇಳಿದ್ರಿ. ನಾ ಇಲ್ಲ ಅಂದೆ."

"ನನಗ ಗೊತ್ತೈತಿ ಅಜ್ಜಾರ." ಅವಳು ಕಾಗದ ನೋಡುತ್ತಲೇ ಹೇಳಿದಳು. "ಕೇಳಿದ ಮ್ಯಾಲೆ ನಾನೂ ಇನ್ನೊಮ್ಮೆ ಕೇಳಬೇಕಾಗಿತ್ತು. ಗೆರಿ ಸಿಕ್ಕಿದ್ದಕ್ಕ ಖುಷಿ ಆಗಿ ಬಿಟ್ಟೆ. ಸಹಿ ಮಾಡ್ರಿ. ನಿಮ್ಮ ಹೆಸರು ಯಾಕ ಇದರಾಗ?"

"ಬರೀರಿ," ಎಂದೆ. "ನಾ ಹೇಳಿದ್ದು ಬರೀರಿ."

ಅವಳು ಬರೆದಳು. ನಾನು ಸಹಿ ಮಾಡಿದೆ. ಮಾಯಾ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಳು.

ಹೊರಗೆ ಬಂದು ಇಬ್ಬರೂ ರಸ್ತೆ ದಾಟಿದೆವು. ಖಾನಾಪುರದ ಬಸ್ಸು ಬಂತು. ನಾನು ಕೈ ಮಾಡಿ ನಿಲ್ಲಿಸಿ, ಅವಳು ಮೊದಲು ಹತ್ತಲಿ ಎಂದು ಸರಿದೆ.

"ಮಾವಾರ, ಅದು ಎಮ್ಮಿ ಅಂತ ನಿಮಗ ಯಾವಾಗ ಗೊತ್ತಾತ್ರಿ?"

"ಮಧ್ಯಾಹ್ನ."

"ಬುಧವಾರಾ?"

ಕಂಡಕ್ಟರು ಸೀಟಿ ಹಾಕಿದ. ಹೌದು ಎನ್ನಬಹುದಿತ್ತು.

"ಮಂಗಳವಾರ," ಎಂದೆ.

ಬುತ್ತಿಯ ಚೀಲ ಅವಳ ಹೆಗಲಿಗಿತ್ತು, ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಎರಡು ರೊಟ್ಟಿ ಇದ್ದವು ಅದರಲ್ಲಿ, ಎರಡೂ ಹಾಗೇ ಇದ್ದವು. ಸೆರಗು ಸರಿಮಾಡಿಕೊಂಡು ಟಿಳಕವಾಡಿಯ ತವರಿನ ಕಡೆ ನಡೆದಳು. ಬಸ್ಸಿನ ಹಿಂದಿನ ಕಿಟಕಿಯಿಂದ ಒಂದಷ್ಟು ದೂರ ಕಂಡಳು, ಆಮೇಲೆ ಕಾಣಲಿಲ್ಲ.

ಅನುರಾಧಾಳ ದಳ ಗುರುವಾರ ಹೋಗಿತ್ತು, ಬಾಳೇಶ ಬುಧವಾರ. ಮಾಯಾ ಹೋದದ್ದು ಶ್ರಾವಣದ ಎರಡನೆಯ ಬುಧವಾರ.