ಲೆಕ್ಕದ ಮೇಷ್ಟ್ರು ಅಳಿಸದ ಐವತ್ತು ಮತಗಳು

೧

ಚುನಾವಣೆಯ ಕತೆಯನ್ನು ಎಲ್ಲಿಂದ ಶುರು ಮಾಡಬೇಕು? ಮತದಾನದ ದಿನದಿಂದ ಎಂದರೆ ಬೆರಳಿಗೆ ಶಾಯಿ ಹಚ್ಚುವುದು ಬರುತ್ತದೆ, ಅದನ್ನು ಎಲ್ಲರೂ ಬರೆದಾಗಿದೆ. ಫಲಿತಾಂಶದ ದಿನದಿಂದ ಎಂದರೆ ಟೀವಿ ಬರುತ್ತದೆ. ಟೀವಿಯಲ್ಲಿ ಆರು ಜನ ಒಟ್ಟಿಗೆ ಮಾತಾಡುತ್ತಾರೆ. ನನ್ನ ಕತೆಯಲ್ಲಿ ಒಬ್ಬರು ಮಾತಾಡಿದರೇ ನನಗೆ ಸಂಭಾಳಿಸಲು ಆಗುವುದಿಲ್ಲ. ದೇಶದ ಭವಿಷ್ಯದಿಂದ ಶುರು ಮಾಡೋಣವೆಂದು ನಾಲ್ಕು ಸಾಲು ಬರೆದೆ. ಸಂಪಾದಕೀಯದ ವಾಸನೆ ಬಂತು. ಹರಿದು ಹಾಕಿದೆ.

ಐವತ್ತರಿಂದ ಶುರು ಮಾಡುತ್ತೇನೆ.

೨

ಮತದಾನಕ್ಕೆ ಮುಂಚೆ, ಬೆಳಿಗ್ಗೆ ಐದೂವರೆಗೆ, ಪಕ್ಷಗಳ ಏಜೆಂಟರ ಎದುರಿಗೆ ಯಂತ್ರದಲ್ಲಿ ಐವತ್ತು ಸುಳ್ಳು ಮತ ಒತ್ತಿ ತೋರಿಸಬೇಕು. ಇದಕ್ಕೆ ಅಣಕು ಮತದಾನ ಎಂದು ಹೆಸರು. (ಹೆಸರು ನಾನಿಟ್ಟಿದ್ದಲ್ಲ. ನನಗೆ ಅಷ್ಟು ಧೈರ್ಯವಿಲ್ಲ.) ಯಂತ್ರ ಸರಿಯಿದೆ ಎಂದು ಎಲ್ಲರೂ ಒಪ್ಪಿದ ಮೇಲೆ ಆ ಐವತ್ತನ್ನು ಅಳಿಸಿ, ಸೊನ್ನೆ ತೋರಿಸಿ, 'ಅಳಿಸಿದ್ದೇವೆ' ಎಂಬ ಫಾರಂಗೆ ಸಹಿ ಹಾಕಬೇಕು.

ನಮ್ಮ ಲೆಕ್ಕದ ಮೇಷ್ಟ್ರು ಒಂದು ಮತಗಟ್ಟೆಯ ಮುಖ್ಯಾಧಿಕಾರಿ. ನಿವೃತ್ತಿಗೆ ಇನ್ನೆರಡು ವರ್ಷ. ಎಂಟು ಗಂಟೆಯ ಬಸ್ಸಿಗೆ ಏಳಕ್ಕೇ ಹೋಗಿ ನಿಲ್ಲುವ ಮನುಷ್ಯ. ಬೆಳಗಿನ ಗಡಿಬಿಡಿಯಲ್ಲಿ ಯಾವ ಫಾರಂ ತಪ್ಪಿಹೋಗುತ್ತದೋ ಎಂದು ಹೆದರಿ, ಹಿಂದಿನ ದಿನ ಸಂಜೆಯೇ ಇಪ್ಪತ್ತಮೂರು ಫಾರಂಗಳಿಗೂ ಸಹಿ ಹಾಕಿ, ಏಜೆಂಟರನ್ನು ಕರೆಸಿ ಅವರಿಂದಲೂ ಹಾಕಿಸಿ, 'ಮುಗಿದದ್ದು' ಎಂದು ಬರೆದ ಕವರಿನೊಳಗೆ ಇಟ್ಟುಬಿಟ್ಟರು. ಬೆಳಿಗ್ಗೆ ಐವತ್ತು ಮತ ಒತ್ತಿದ್ದಾಯಿತು. ಅಷ್ಟರಲ್ಲಿ ಬಾಚಣಿಗೆ ಪಕ್ಷದ ಏಜೆಂಟನಿಗೂ ಸ್ಟೂಲು ಪಕ್ಷದ ಏಜೆಂಟನಿಗೂ ಫ್ಯಾನಿನ ಕೆಳಗಿನ ಕುರ್ಚಿಗಾಗಿ ಜಗಳ ಹತ್ತಿತು. ಮೇಷ್ಟ್ರು ಜಗಳ ಬಿಡಿಸಿ ಬಂದು ಕವರು ಬಿಚ್ಚಿ ನೋಡಿದರು. 'ಅಳಿಸಿದ್ದೇವೆ' ಫಾರಂ ಮುಗಿದದ್ದರಲ್ಲಿತ್ತು. ಅಂದಮೇಲೆ ಕೆಲಸವೂ ಮುಗಿದಿರಬೇಕು. ಬಾಗಿಲು ತೆರೆದರು.

ಸಂಜೆ ರಿಜಿಸ್ಟರಿನಲ್ಲಿ ೬೧೨ ಜನ. ಯಂತ್ರದಲ್ಲಿ ೬೬೨ ಮತ. ಏಜೆಂಟರು ಆಗಲೇ ಮನೆಗೆ ಹೋಗಿದ್ದರು. ಮೇಷ್ಟ್ರು ಫಾರಂನಲ್ಲಿ ೬೧೨ ಎಂದು ಬರೆದು, ಯಂತ್ರಕ್ಕೆ ಸೀಲು ಹಾಕಿ, ಮೂರು ವಾರ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

೩

(ಇಲ್ಲಿ ಮೇಷ್ಟ್ರು ನನ್ನನ್ನು ತಡೆದರು.)

"ನನ್ನನ್ನ ಡ್ರಾಯಿಂಗ್ ಮೇಷ್ಟ್ರು ಮಾಡಿ ಸಾರ್. ಲೆಕ್ಕದ ಮೇಷ್ಟ್ರು ಐವತ್ತು ಮರೆತ ಅಂದ್ರೆ ಜನ ನಗಲ್ವಾ?"

"ನಗಲಿ ಅಂತಾನೇ ಬರೀತಿರೋದು."

"ನಿಮಗೇನು, ಬರೆದು ಕೈ ತೊಳ್ಕೋತೀರಿ. ಸಸ್ಪೆಂಡ್ ಆಗೋನು ನಾನು. ಪೆನ್ಷನ್ ನಂದು."

ಮಾತಿನಲ್ಲಿ ಹುರುಳಿದೆ. ಆದರೂ ಬದಲಿಸಲಿಲ್ಲ. ಡ್ರಾಯಿಂಗ್ ಬಗ್ಗೆ ನನಗೇನೂ ಗೊತ್ತಿಲ್ಲ.

೪

ಫಲಿತಾಂಶದ ದಿನ ಬೆಳಿಗ್ಗೆ ಎಂಟಕ್ಕೇ ಮೇಷ್ಟ್ರ ಮಾವ ಬಂದು ಟೀವಿಯ ರಿಮೋಟು ವಶಪಡಿಸಿಕೊಂಡರು.

"ನೋಡಿ ಅಳಿಯಂದ್ರೇ, ನಮ್ಮ ಸ್ಟೂಲು ನಾಲ್ಕು ಸಾವಿರ ಮುಂದೆ."

"ಮೊದಲನೇ ಸುತ್ತಪ್ಪ ಅದು. ಸ್ಟೂಲು ಅಲ್ಲಾಡೋಕೆ ಸ್ವಲ್ಪ ಟೈಮ್ ಬೇಕು," ಎಂದು ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಅವಳು ಬಾಚಣಿಗೆಯ ಕಡೆ.

(ಅವಳೂ ನನ್ನ ಮೇಲೆ ತಿರುಗಿಬಿದ್ದಳು. "ನನ್ನನ್ಯಾಕೆ ಅಡುಗೆಮನೇಲಿ ನಿಲ್ಲಿಸಿದೀರಿ? ನಾನು ವೋಟು ಹಾಕಿಲ್ವಾ?" ತಪ್ಪಾಯಿತು. ಟೀವಿಯ ಎದುರಿನ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದ್ದೇನೆ. ಟೀ ಯಾರು ಮಾಡುತ್ತಾರೋ ನೋಡಬೇಕು.)

"ನೀವ್ಯಾರ ಕಡೆ ರೀ? ಬೆಳಿಗ್ಗೆಯಿಂದ ಉಸಿರೇ ಬಿಡ್ತಿಲ್ಲ."

"ಯಾರಾದ್ರೂ ಗೆಲ್ಲಲಿ. ಚೆನ್ನಾಗಿ ಗೆಲ್ಲಲಿ."

"ಇದೆಂಥ ಮಾತು?"

ಇದೆಂಥ ಮಾತೆಂದರೆ, ನಿಯಮ ಹೀಗಿತ್ತು: ಲೆಕ್ಕ ತಾಳೆಯಾಗದ ಯಂತ್ರವನ್ನು ಎಣಿಸದೆ ಪಕ್ಕಕ್ಕಿಡುತ್ತಾರೆ. ಗೆಲುವಿನ ಅಂತರ ತೀರಾ ಕಡಿಮೆಯಾದರೆ ಮಾತ್ರ ಅದನ್ನು ಹೊರತೆಗೆದು, ಯಾರ ತಪ್ಪು, ಹೇಗಾಯಿತು ಎಂದು ಕೆದಕುತ್ತಾರೆ. ಅಂತರ ದೊಡ್ಡದಾದರೆ ಆ ಯಂತ್ರ ಯಾರಿಗೂ ಬೇಡ. ಯಾರು ಗೆಲ್ಲುತ್ತಾರೆಂದು ಇಡೀ ದೇಶ ಕಣ್ಣು ಬಿಟ್ಟುಕೊಂಡು ಕೂತಿದ್ದಾಗ, ಎಷ್ಟರಿಂದ ಎಂದಷ್ಟೇ ಕಾಯುತ್ತಿದ್ದವರು ನಮ್ಮ ಮೇಷ್ಟ್ರು. ನಿಷ್ಪಕ್ಷಪಾತಿ ಎಂದರೆ ಇವರೊಬ್ಬರೇ ಇರಬೇಕು.

೫

ಒಂದು ಕೊನೆ: ಅಂತರ ಮೂವತ್ತೊಂದು. ದೇಶದ ಸರ್ಕಾರವೇ ಈ ಒಂದು ಸೀಟಿನ ಮೇಲೆ ನಿಂತಿದೆ. ಮೇಷ್ಟ್ರ ಮನೆಯ ಮುಂದೆ ಕ್ಯಾಮೆರಾಗಳು. ಕತೆಗೆ ಒಳ್ಳೆಯ ಕಾವು ಬರುತ್ತದೆ, ಬಹುಮಾನವೂ ಬರಬಹುದು.

"ದಮ್ಮಯ್ಯ ಸಾರ್," ಎಂದರು ಮೇಷ್ಟ್ರು.

ಹೊಡೆದು ಹಾಕಿದೆ.

ಇನ್ನೊಂದು ಕೊನೆ: ಬಾಚಣಿಗೆಗೆ ಎರಡು ಲಕ್ಷ ಹನ್ನೊಂದು ಸಾವಿರದ ಗೆಲುವು. ಗೆದ್ದವರು ಜನರ ಪಾದಕ್ಕೆ ಅಡ್ಡಬಿದ್ದರು, ಕ್ಯಾಮೆರಾ ಯಾವ ಕಡೆಗಿದೆ ಎಂದು ನೋಡಿಕೊಂಡು. ಸೋತವರು ಯಂತ್ರ ಮೋಸ ಮಾಡಿತೆಂದರು. "ನಾನು ಹೇಳ್ಲಿಲ್ವಾ, ಎಲ್ಲಾ ಯಂತ್ರದ ಆಟ," ಎಂದು ಮಾವ ರಿಮೋಟನ್ನು ಸೋಫಾದ ಮೇಲೆ ಎಸೆದರು.

"ಯಂತ್ರ ಏನೂ ಮಾಡಿಲ್ಲ ಮಾವ. ನಾವು ಒತ್ತಿದ್ದನ್ನ ನೆನಪಿಟ್ಕೊಂಡಿತ್ತು, ಅಷ್ಟೇ," ಎಂದರು ಮೇಷ್ಟ್ರು, ಯಾರಿಗೂ ಕೇಳದ ಹಾಗೆ.

ಆಮೇಲೆ ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು, ಗೊರಕೆ ಹೊಡೆದು ಮಲಗಿದರು. ನಾನೂ 'ಮುಗಿಯಿತು' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದೆ.

೫ (ಮುಚ್ಚಳ ತೆಗೆದ ಮೇಲೆ)

ಬೆಳಗಿನ ಜಾವ ನಾಲ್ಕು ಗಂಟೆಗೆ ಮೇಷ್ಟ್ರು ಎದ್ದು ಕೂತರು. ಮತದಾನದ ದಿನ ಒಬ್ಬ ಹೆಂಗಸು ಮೂರು ಸಲ ಬಂದಿದ್ದು ನೆನಪಾಯಿತು. ಮೊದಲ ಸಲ ಗುರುತಿನ ಚೀಟಿಯಿಲ್ಲದೆ, ಎರಡನೇ ಸಲ ಗಂಡನ ಚೀಟಿ ಹಿಡಿದು, ಮೂರನೇ ಸಲ ತನ್ನದನ್ನು ಹುಡುಕಿ ಹಿಡಿದುಕೊಂಡು. ಬಿಸಿಲಿನಲ್ಲಿ ಮೂರು ಸಲವೂ ಸಾಲಿನ ಕೊನೆಗೇ ನಿಂತಿದ್ದಳು. ನಿಯಮ ಎಂದು ನಿಲ್ಲಿಸಿದ್ದು ಮೇಷ್ಟ್ರೇ.

ಅವರು ಹೆಂಡತಿಗೆ ಎಲ್ಲವನ್ನೂ ಹೇಳಿದರು.

"ಅಷ್ಟೇ ತಾನೇ? ಹೇಗೂ ನಮ್ಮೋರೇ ಗೆದ್ರಲ್ಲ."

"ಆರುನೂರ ಹನ್ನೆರಡು ಜನರ ವೋಟು ಎಣಿಸೇ ಇಲ್ಲ ಕಣೇ."

"ಎಣಿಸಿದ್ರೆ ಏನಾಗ್ತಿತ್ತು?"

ಏನೂ ಆಗುತ್ತಿರಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಅದು ಗೊತ್ತಿತ್ತು. ಸಂಜೆಯವರೆಗೂ ಅದನ್ನೇ ಅಗಿಯುತ್ತ ಕೂತರು.

೬

ಮರುದಿನ ಕಚೇರಿಯಿಂದ ಕರೆ ಬಂತು. ಮೇಜಿನ ಹಿಂದೆ ಚುನಾವಣೆಯ ಮೇಲಧಿಕಾರಿ, ಮೇಜಿನ ಮೇಲೆ ಒಂದು ಫಾರಂ.

"ಬನ್ನಿ ಮೇಷ್ಟ್ರೇ. ನಿಮ್ಮ ಮತಗಟ್ಟೆ ಲೆಕ್ಕ ತಾಳೆಯಾಗಿಲ್ಲ. ತಲೆ ಕೆಡಿಸ್ಕೋಬೇಡಿ, ಅಂತರ ಭರ್ಜರಿಯಾಗಿದೆ. ಕಾರಣ ಅನ್ನೋ ಕಡೆ ಯಂತ್ರದ ದೋಷ ಅಂತ ಬರೆದು ಸಹಿ ಹಾಕಿ."

"ಯಂತ್ರ ಸರಿಯಾಗಿತ್ತು ಸಾರ್. ಅಳಿಸೋದು ನಾನು ಮರ್ತೆ."

"ನಾನು ಕೇಳಿದ್ನಾ?"

ಮೇಷ್ಟ್ರು ಕೂತು ಬರೆದರು: 'ಅಣಕು ಮತಗಳನ್ನು ಅಳಿಸಲು ನಾನು ಮರೆತೆ. ಗೊತ್ತಾದ ಮೇಲೂ ಮುಚ್ಚಿಟ್ಟೆ.' ಅಧಿಕಾರಿ ಅದನ್ನು ಎರಡು ಸಲ ಓದಿ, ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು.

"ನಿಮ್ಮ ತಪ್ಪು ಅಂದ್ರೆ ನಿಮಗೆ ತರಬೇತಿ ಕೊಟ್ಟ ನಂದೂ ತಪ್ಪು. ನಂದು ಅಂದ್ರೆ ಮೇಲಿನೋರದ್ದು. ಎಲ್ಲಿಗೆ ಹೋಗಿ ನಿಲ್ಲತ್ತೆ ಇದು? ಯಂತ್ರದ ಮೇಲೆ ಹಾಕಿ. ಸೋತೋರಿಗೂ ಸಮಾಧಾನ. ಯಂತ್ರಕ್ಕೆ ಪೆನ್ಷನ್ ಇಲ್ಲ ಮೇಷ್ಟ್ರೇ."

ಹೊಸ ಫಾರಂ ಮುಂದಿಟ್ಟರು.

೭

ಮೇಷ್ಟ್ರು 'ಯಂತ್ರದ ದೋಷ' ಎಂದು ಬರೆದರೆ ನೀವು ನಿಟ್ಟುಸಿರು ಬಿಟ್ಟು, ವ್ಯವಸ್ಥೆಯನ್ನು ಬೈದು, ಪುಟ ತಿರುಗಿಸುತ್ತೀರಿ. ಅಧಿಕಾರಿಯ ಕಣ್ಣು ಒದ್ದೆಯಾಯಿತು ಎಂದು ನಾನು ಬರೆದರೆ ನೀವು ನಂಬುವುದಿಲ್ಲ, ನನಗೂ ನಾಚಿಕೆಯಾಗುತ್ತದೆ. ಏನು ಮಾಡಲಿ ಎಂದು ಮೇಷ್ಟ್ರನ್ನೇ ಕೇಳಿದೆ.

"ಸ್ವಲ್ಪ ಸುಮ್ನಿರಿ ಸಾರ್. ಕೈ ಅಲ್ಲಾಡತ್ತೆ," ಎಂದರು, ತಲೆ ಎತ್ತದೆ.

ಅದೇ ವಾಕ್ಯವನ್ನು ಮತ್ತೆ ಬರೆಯುತ್ತಿದ್ದಾರೆ, ಈ ಸಲ ಸ್ವಲ್ಪ ದೊಡ್ಡ ಅಕ್ಷರದಲ್ಲಿ. ಓದುಗರೇ, ಮನೆಯಲ್ಲಿ ಕೆಲಸವಿದ್ದರೆ ನೀವು ಹೊರಡಿ. ಅಧಿಕಾರಿ ಆಗಲೇ ಡ್ರಾಯರ್ ಎಳೆದು ಮೂರನೇ ಫಾರಂ ತೆಗೆದಿಟ್ಟುಕೊಂಡಿದ್ದಾರೆ. ಒಳಗಿರುವ ಫಾರಂಗಳ ಕಟ್ಟು ಸಾಕಷ್ಟು ದಪ್ಪಗಿದೆ.