ನಿನ್ನೆಯ ನೀರು

ಒಂಬತ್ತು ಮೀನೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ತೊಟ್ಟಿಯ ನೀರು ಬದಲಿಸಿ ಹತ್ತು ನಿಮಿಷವೂ ಆಗಿರಲಿಲ್ಲ. ಮೀನು ನೋಡಿಕೊಳ್ಳುವವಳು ಖಾಲಿ ಬಕೆಟ್ ಹಿಡಿದು ನಿಂತಲ್ಲೇ ನಿಂತಳು. ಗಾಳಿಯ ಪಂಪು ತನ್ನ ಪಾಡಿಗೆ ಗುಳುಗುಳು ಎನ್ನುತ್ತಿತ್ತು. ಬೆರಳದ್ದಿ ಮೂಸಿದಳು. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಔಷಧಿಯ ವಾಸನೆ!

ಮೂಲೆಯಲ್ಲಿ ಎರಡು ಕಪ್ಪು ಡ್ರಮ್ಮುಗಳಿದ್ದವು. ನಲ್ಲಿ ನೀರು ಒಂದು ದಿನ ತೆರೆದಿಟ್ಟರೆ ಔಷಧಿ ಹಾರಿಹೋಗುತ್ತದೆ, ಮೀನಿಗೆ ಹಾಕುವುದು ಆಮೇಲೆ. ಅದಕ್ಕೆಂದೇ ಡ್ರಮ್ಮಿಗೊಂದರಂತೆ ತೂಗುಹಾಕಿದ ಎರಡು ರಟ್ಟುಗಳು: 'ಇವತ್ತಿನ ನೀರು', 'ನಿನ್ನೆಯ ನೀರು'. ಬೆಳಿಗ್ಗೆ ಬಂದವಳೇ ರಟ್ಟು ಅದಲು ಬದಲು ಮಾಡಿ, ಖಾಲಿ ಡ್ರಮ್ಮು ತುಂಬಿಸುವುದು ಅವಳ ಕೆಲಸ. ಇವತ್ತು ಬರುವಷ್ಟರಲ್ಲಿ ಖಾಲಿ ಡ್ರಮ್ಮು ಆಗಲೇ ತುಂಬಿತ್ತು. ಕಾವಲುಗಾರ ಪುಣ್ಯ ಕಟ್ಟಿಕೊಂಡ ಎಂದುಕೊಂಡಿದ್ದಳು. ಕೈ ಮಾತ್ರ ಅಭ್ಯಾಸಬಲದಿಂದ ರಟ್ಟು ಬದಲಿಸಿತ್ತು.

"ಅಣ್ಣಾ! ರಟ್ಟು ಮುಟ್ಟಿದ್ರಾ?"

ಕಾವಲುಗಾರ ನಗುತ್ತಲೇ ಒಳಗೆ ಬಂದ. "ಮುಟ್ಟದೇ ಇರ್ತೀನಾ ತಂಗಿ? ನಿನ್ನ ಬಸ್ಸು ತಡ ಅಂತ ರಟ್ಟೂ ಬದಲಾಯಿಸ್ದೆ, ನೀರೂ ತುಂಬಿಸ್ದೆ. ಥ್ಯಾಂಕ್ಸ್ ಬೇಡ, ಟೀ ಕುಡಿಸು."

"ನಾನೂ ಬದಲಾಯಿಸಿಬಿಟ್ಟೆ. ನೀವು ತುಂಬಿಸಿದ ಹೊಸ ನೀರಿಗೇ 'ನಿನ್ನೆಯ ನೀರು' ರಟ್ಟು ಬಿತ್ತು."

ಅವನ ನಗು ಅಲ್ಲೇ ಇಂಗಿತು.

ಹೊಳೆಗೆ ಅಣೆಕಟ್ಟು ಕಟ್ಟಿದ ಮೇಲೆ ಈ ಕೆಂಪು ಬಾಲದ ಮೀನು ಕಂಡವರೇ ಇಲ್ಲ. ಬತ್ತುತ್ತಿದ್ದ ಗುಂಡಿಯೊಂದರಿಂದ ಬಾಚಿ ತಂದದ್ದು ಈ ಒಂಬತ್ತನ್ನು. ಮರಿ ಮಾಡಿಸಬೇಕೆಂದು ಎರಡು ವರ್ಷದಿಂದ ಒದ್ದಾಟ. ಈ ಸಲ ದೊಡ್ಡ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬಿತ್ತು.

"ಆ ಕಡೆ ಡ್ರಮ್ಮಲ್ಲಿರೋದೇ ಒಳ್ಳೇ ನೀರು. ಬಲೆ ಕೊಡಿ, ಬೇಗ!"

ಎರಡು ಸಲ ಬಲೆ ಬರಿದೇ ಬಂತು. ಆಮೇಲೆ ಒಂದು, ಎರಡು... ದೊಡ್ಡ ಹೆಣ್ಣು ಕೊನೆಗೆ ಸಿಕ್ಕಿತು. ಅದು ಬಲೆಯಲ್ಲಿ ಮಿಸುಕಲಿಲ್ಲ. ಡ್ರಮ್ಮಿಗೆ ಬಿಟ್ಟರೆ ಅಡ್ಡಕ್ಕೆ ವಾಲಿ ಕತ್ತಲಿಗಿಳಿಯಿತು. ಕಾವಲುಗಾರ ಪಂಪಿನ ಕೊಳವೆ ಎಳೆದು ಒಳಗೆ ಬಿಟ್ಟ. ಟಾರ್ಚು ಹಾಕುವಂತಿರಲಿಲ್ಲ, ಬೆಚ್ಚಿದರೆ ಅಂಚಿಗೆ ಬಡಿದುಕೊಂಡೇ ಸಾಯುತ್ತವೆ.

ಫೋನು ಬಡಿದುಕೊಂಡಿತು. ಹೊಳೆಯ ಮೇಲ್ಭಾಗದಲ್ಲಿ ಇನ್ನಷ್ಟು ಮೀನು ಹುಡುಕಲು ಹೋಗಿದ್ದ, ಈ ಕೇಂದ್ರ ನಡೆಸುವ ಮೇಡಂ.

"ಎಲ್ಲಾ ಗುಂಡೀನೂ ಜಾಲಾಡಿಬಿಟ್ವಿ ಕಣಮ್ಮ. ಒಂದೂ ಇಲ್ಲ. ಇನ್ನು ನಮ್ಮ ಒಂಬತ್ತೇ. ಚೆನ್ನಾಗಿದಾವೆ ತಾನೇ?"

"ಈಗ್ಲೇ ಹೇಳ್ಬೇಡ," ಕಾವಲುಗಾರ ಪಿಸುಗುಟ್ಟಿದ.

ಅವಳು ಡ್ರಮ್ಮಿನತ್ತ ನೋಡಿದಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಈ ಮೀನು ಎಲ್ಲಿ ಸಿಗಬೇಕು?

"ಮೇಡಂ, ತಪ್ಪಾಗಿದೆ. ನನ್ನಿಂದ. ಹೊಸ ನೀರು ಹಾಕ್ಬಿಟ್ಟೆ. ಈಗ ಬೇರೆ ಡ್ರಮ್ಮಿಗೆ ಬಿಟ್ಟಿದೀನಿ."

ಹೊಳೆಯ ಸದ್ದಿನ ನಡುವೆ ಮೇಡಂ ಕೇಳಿದರು, "ಎಷ್ಟು ಉಳಿದಿದಾವೆ?"

"ನೋಡ್ತೀನಿ, ಇರಿ."

ಫೋನನ್ನು ಕಿವಿಗೊತ್ತಿಕೊಂಡೇ ಅವಳು ಪಂಪನ್ನು ಒಂದು ಗಳಿಗೆ ಆರಿಸಿ, ಬದುಕಿದ್ದರೆ ತಿನ್ನಲು ಮೇಲೆ ಬಂದಾವೆಂದು ಒಂದು ಚಿಟಿಕೆ ಮೇವು ಉದುರಿಸಿದಳು. ಕಾಳುಗಳು ನೀರಿನ ಮೇಲೆ ತೇಲುತ್ತಾ ನಿಂತವು. ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದರು. ಅಂಚಿನ ಹತ್ತಿರ ಒಂದು ಕಾಳು ಅಲುಗಾಡಿದಂತಾಯಿತು. ಕೆಳಗಿನಿಂದ ಮೀನು ಮುಟ್ಟಿತೋ, ಡ್ರಮ್ಮಿಗೆ ಒರಗಿದ ತನ್ನ ಕೈಯ ನಡುಕವೋ ತಿಳಿಯಲಿಲ್ಲ.

ಅವಳು ಮೆಲ್ಲನೆ ಕೈ ತೆಗೆದಳು.