ಗೊರಕೆ ನಿಂತ ಕೋಣೆ

ಅಜ್ಜಿ ಹೇಳುತ್ತಿದ್ದ ಒಂದು ಕತೆಯಲ್ಲಿ, ರಾಕ್ಷಸ ಗೊರಕೆ ಹೊಡೆಯುವಷ್ಟು ಹೊತ್ತು ಅರಮನೆಯವರೆಲ್ಲ ಬಾಯಿತುಂಬ ಮಾತಾಡುತ್ತಿದ್ದರು. ಅವನ ಪ್ರಾಣ ಎಲ್ಲಿದೆ, ಅವನನ್ನು ಹೇಗೆ ಸಾಗಹಾಕುವುದು, ಎಲ್ಲ. ಗೊರಕೆ ನಿಂತುಹೋದರೆ ಎಂದು ಕೇಳಿದರೆ ಅಜ್ಜಿ, "ನಿಲ್ಲೋಕೆ ಬಿಡಬಾರದು ಕಣೇ" ಎಂದು ಹೊದಿಕೆ ಎಳೆಯುತ್ತಿದ್ದಳು.

ನಮ್ಮ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದುದು ಅಪ್ಪನ ಕಂಪ್ಯೂಟರ್. ಅಪ್ಪ ಪುಟ ಜೋಡಿಸುತ್ತಿದ್ದ ಅಚ್ಚುಮನೆ ಮುಚ್ಚಿದಾಗ, ಯಾರಿಗೂ ಬೇಡವಾದ ಆ ಹಳದಿಗಟ್ಟಿದ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಅವನು ಅದರ ಜೊತೆ ಇರುತ್ತಿದ್ದ. ಗುಂಡಿ ಒತ್ತಿದರೆ ಹಿಂಬದಿಯ ಫ್ಯಾನು ಮೊದಲು ಕೆಮ್ಮಿ, ಆಮೇಲೆ ಹಿಟ್ಟಿನ ಗಿರಣಿಯ ಹಾಗೆ ಶುರುಮಾಡುತ್ತಿತ್ತು. ಅಪ್ಪ ಅದರಲ್ಲಿ ಇಸ್ಪೀಟು ಆಡುತ್ತಿದ್ದ. ಒಬ್ಬನೇ ಆಡುವ ಆಟದಲ್ಲೂ ಸೋಲುವ ಮನುಷ್ಯ.

ಫ್ಯಾನು ತಿರುಗುವಾಗಲೇ ಅಣ್ಣ ಅತ್ತಿಗೆ ಮನೆಯ ದೊಡ್ಡ ಮಾತುಗಳನ್ನೆಲ್ಲ ಆಡುತ್ತಿದ್ದರು. ಅದು ನಿಂತರೆ ಮಾತು ಉಪ್ಪು, ಸೊಪ್ಪಿಗೆ ಇಳಿಯುತ್ತಿತ್ತು. ದೊಡ್ಡ ಮಾತೆಂದರೆ ಅಪ್ಪನ ಕೋಣೆಯದೇ. ಅತ್ತಿಗೆಯ ಹೊಲಿಗೆ ಮಷೀನು ಬಚ್ಚಲಿನ ಪಕ್ಕದ ಓಣಿಯಂಥ ಜಾಗದಲ್ಲಿತ್ತು. ಅಳತೆ ಕೊಡಲು ಬಂದವರು ಅಡುಗೆಮನೆ ಹಾದು ಬರಬೇಕು.

"ಮಾವನ್ನ ಹಿಂದಿನ ಸಾಮಾನು ಕೋಣೆಗೆ ಕಳಿಸಿ ಅಂದ್ರೆ ನಿಮಗೆ ಬಾಯೇ ಬರಲ್ಲ."

"ಮುಖ ನೋಡ್ಕೊಂಡು ಹೇಗೆ ಹೇಳೋದು? ನೀನೇ ಹೇಳು."

"ನಾನು ಹೇಳಿದ್ರೆ ಸೊಸೆ ಹೊರಗೆ ಹಾಕಿದ್ಲು ಅಂತಾರೆ."

ಸಾಮಾನು ಕೋಣೆಗೆ ಕಿಟಕಿ ಇಲ್ಲ. ಹೇಳಬೇಕಾದ ಮಾತನ್ನು ಇಬ್ಬರೂ ಒಬ್ಬರಿಂದೊಬ್ಬರಿಗೆ ದಾಟಿಸುತ್ತಲೇ ವರ್ಷಗಳು ಕಳೆದವು, ಅಪ್ಪನ ಕಿಟಕಿ ಅಪ್ಪನಿಗೇ ಉಳಿಯಿತು.

ನಾನು ಕೆಲಸ ಮಾಡುವ ಅಂಗಡಿಗೆ ಬರುವುದೆಲ್ಲ ಇಂಥವೇ ಮುದಿ ಕಂಪ್ಯೂಟರುಗಳು. ಮೊದಲ ಪ್ರೀತಿಯ ಹಾಗೆ ಅವನ್ನು ಇಟ್ಟುಕೊಂಡವರು ಫ್ಯಾನು ಬದಲಿಸಲು ತಂದುಕೊಡುತ್ತಾರೆ. ಡಬ್ಬ ಬಿಚ್ಚುವಾಗ ನನಗೆ ಪ್ರತಿಸಲವೂ ಒಳಗೆ ಯಾರೋ ಒಂದು ಮುದಿ ಗಾಳಿಯನ್ನು ಕೂಡಿಹಾಕಿ ದುಡಿಸುತ್ತಿದ್ದಾರೆ ಅನ್ನಿಸುತ್ತದೆ. ಉಸಿರಿನಷ್ಟೂ ಸದ್ದು ಮಾಡದ ಒಂದು ಹೊಸ ಫ್ಯಾನು ಅಂಗಡಿಗೆ ಬಂದಾಗ ಅಪ್ಪನ ನೆನಪಾಯಿತು.

"ಇರ್ಲಿ ಬಿಡೇ," ಎಂದ ಅಪ್ಪ. "ಅಭ್ಯಾಸ ಆಗಿದೆ."

"ಬೇರಿಂಗ್ ಸವೆದುಹೋಗಿದೆ ಅಪ್ಪಾ. ಒಂದಿನ ತಿರುಗೋದು ನಿಂತ್ರೆ ಒಳಗೆಲ್ಲ ಸುಟ್ಟುಹೋಗತ್ತೆ."

ನನ್ನಿಂದ ಖರ್ಚು ಮಾಡಿಸಲು ಸಂಕೋಚ ಎಂದುಕೊಂಡೆ. ರಜೆಯ ದಿನ ಅವನು ಊಟವಾದ ಮೇಲೆ ಮಲಗಿದ್ದಾಗ ವಯರು ಕಿತ್ತು, ಪೆಟ್ಟಿಗೆ ಬಿಚ್ಚಿದೆ. ರೆಕ್ಕೆಗಳ ಮೇಲೆ ಧೂಳು ಕಂಬಳಿಯಂತೆ ಕೂತಿತ್ತು. ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು ಬೆಸೆದು, ಗಾಳಿಯ ದಿಕ್ಕು ತೋರುವ ಬಾಣದ ಗುರುತು ಹೊರಮುಖ ಇದೆಯೆಂದು ನೋಡಿ, ಹೊಸ ಫ್ಯಾನು ಕೂರಿಸಿ ಮುಚ್ಚಿದೆ.

ಅಪ್ಪ ಎದ್ದು ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ. ಪರದೆ ಮಾತ್ರ ಬೆಳಗಿತು. ಅವನು ಖುಷಿಪಡುತ್ತಾನೆಂದು ಕಾದೆ. ಅವನು ಗೋಡೆಯ ಕಡೆ ನೋಡಿದ.

ಆಚೆ ಅತ್ತಿಗೆ ಹೊಲಿಯುತ್ತಿದ್ದಳು. ತನ್ನ ಮಷೀನಿನ ಸದ್ದಿನಲ್ಲಿ ಅವಳಿಗೆ ನಮ್ಮ ಫ್ಯಾನಿನ ನೆನಪೆಲ್ಲಿ? ಅಪ್ಪ ಕುರ್ಚಿ ಎಳೆದದ್ದು ಕೇಳಿದ್ದೇ, ಫ್ಯಾನೂ ಶುರುವಾಗಿದೆ ಎಂದುಕೊಂಡು ಅಣ್ಣ ದಿನದಂತೆ ಗಂಟಲೆತ್ತಿ ಶುರುಮಾಡಿದ. ಅತ್ತಿಗೆ ದಾರ ಕತ್ತರಿಸಲು ಮಷೀನು ನಿಲ್ಲಿಸಿದಳು. ಇಡೀ ಮನೆಯಲ್ಲಿ ಅವನ ಮಾತೊಂದೇ ಉಳಿಯಿತು.

"ಇಸ್ಪೀಟಾಡೋಕೆ ಕಿಟಕಿ ಯಾಕೆ ಬೇಕು ಆ ಮನುಷ್ಯನಿಗೆ?"

ಅಪ್ಪ ಎದ್ದು ಒಳಬಾಗಿಲಿಗೆ ಹೋದ.

"ಅಪ್ಪಾ, ಅದು, ಸುಮ್ನೆ ಮಾತಿಗೆ ಅಂದೆ."

"ಮಾತಿಗೇ ಆಗ್ಲಿ. ಕೇಳಿಸಿಬಿಡ್ತಲ್ಲ. ಇನ್ನು ಕೇಳಿಸಲಿಲ್ಲ ಅನ್ನೋಕಾಗಲ್ಲ. ಕೋಣೆ ತಗೊಳ್ಳಿ."

ಅಣ್ಣ ಬೇಡ ಎನ್ನುತ್ತಾನೆಂದು ನಾನು ಕಾದೆ. ಅವನು ನೆಲ ನೋಡಿದ. ಅತ್ತಿಗೆ ನನ್ನತ್ತ ತಿರುಗಿದಳು. "ರಿಪೇರಿ ಮಾಡು ಅಂತ ನಿನ್ನ ಯಾರು ಕರೆದಿದ್ರು?"

ಮರುದಿನ ಅಣ್ಣನೇ ಕಂಪ್ಯೂಟರನ್ನು ಮಗುವಿನ ಹಾಗೆ ಎತ್ತಿಕೊಂಡು ಹಿಂದಿನ ಕೋಣೆಗೆ ಒಯ್ದ. "ನೀನು ಭಾರ ಎತ್ತಬೇಡ ಅಪ್ಪಾ" ಎಂದ, ನಿಜವಾದ ಕಾಳಜಿಯಿಂದ. ಅವನು ಹೋದ ಮೇಲೆ ಅಪ್ಪ ಕೇಳಿದ, "ಹಳೇ ಫ್ಯಾನು ಬಿಸಾಕಿಲ್ಲ ತಾನೇ?"

"ಅದು ಮತ್ತೆ ಯಾಕೆ? ಅದರ ಸದ್ದಿಗೆ ನಿನಗೆ ಏನೂ ಕೇಳಿಸ್ತಿರಲಿಲ್ಲ."

"ಎಲ್ಲ ಕೇಳಿಸ್ತಿತ್ತು ಪುಟ್ಟಿ. ಅಚ್ಚಿನ ಮಷೀನುಗಳ ಮಧ್ಯೆ ಕೂತು ಫೋನಲ್ಲಿ ಮಾತಾಡಿದೋನು ನಾನು, ಈ ಗಿರಣಿ ಯಾವ ಮೂಲೆಗೆ? ನನಗೆ ಕೇಳಿಸಲ್ಲ ಅಂತ ಅವನು ನಂಬಿದ್ದ. ಅದಕ್ಕೇ ಅವನು ಎದುರಿಗೆ ಕೋಣೆ ಕೇಳಲಿಲ್ಲ, ನಾನು ಕೊಡಲಿಲ್ಲ."

"ಸುಟ್ಟುಹೋಗತ್ತೆ ಅಪ್ಪಾ."

"ಹೋಗೋವಾಗ ಹೋಗ್ಲಿ. ಹಾಕು."

ಬಲ್ಬಿನ ಬೆಳಕಿನಲ್ಲಿ, ನಾನೇ ಬೆಸೆದದ್ದನ್ನು ಬಿಚ್ಚಿ, ಸವೆದ ಫ್ಯಾನನ್ನು ಮತ್ತೆ ಕೂರಿಸಿದೆ. ಅದು ಕೆಮ್ಮಿತು. ಆಮೇಲೆ ಗೋಡೆಗಳು ಗುಂಯ್ಗುಟ್ಟತೊಡಗಿದವು.

ಹಿಂದಿನ ಕೋಣೆ ಅಡುಗೆಮನೆಗೆ ಇನ್ನೂ ಹತ್ತಿರ. ಸ್ವಲ್ಪ ಹೊತ್ತು ಆಚೆ ಪಾತ್ರೆಗಳ ಸದ್ದಷ್ಟೇ ಇತ್ತು. ನಂತರ ಅತ್ತಿಗೆಯ ದನಿ ಮೆಲ್ಲಗೆ ಏರಿತು.

"ಆ ಡಬ್ಬ ಎಷ್ಟು ಕರೆಂಟು ತಿನ್ನುತ್ತೆ ಗೊತ್ತಾ ನಿಮಗೆ?"

ನಾನು ಅಪ್ಪನ ಮುಖ ನೋಡಿದೆ. ಅವನು ಪರದೆಯಲ್ಲಿ ಕಪ್ಪು ಇಸ್ಪೀಟೆಲೆಯ ಮೇಲೆ ಕೆಂಪು ಎಲೆ ಇಟ್ಟ.